ಮಂಜಿನ ಬಣ್ಣದ ಕೋಟು

"ಮೊಣಕೈ ಇಲ್ಲಿಡು ಯೆಲ್ಕಕ್ಕ. ಬೆರಳು ಸಡಿಲ ಬಿಡು. ಇದೇನು ಕಳ್ಳನ್ನ ಹಿಡಿಯೋ ಕೈಯಾ, ಗ್ಲೌಸು ಹಾಕ್ಕೊಳ್ಳೋ ಕೈಯಾ?"

ಕೈಗವಸಿನ ಅಂಗಡಿಯ ತೋನ್ಕಾ ಹಾಗೆ ಗದರಿದ ಮೇಲೆ ಯೆಲ್ಕಾ ಯುರ್ದಾನ ತನ್ನ ಮೊಣಕೈಯನ್ನು ಮಖಮಲ್ಲಿನ ಪುಟ್ಟ ದಿಂಬಿನ ಮೇಲೆ ಊರಿ ಮುಷ್ಟಿ ಬಿಚ್ಚಿದಳು. ತೋನ್ಕಾ ಅವಳ ಅಂಗೈಗೆ ಚೂರು ಪೌಡರು ಉದುರಿಸಿ, ಮೇಕೆಮರಿಯ ತೊಗಲಿನ ಕೈಗವಸನ್ನು ಒಂದೊಂದೇ ಬೆರಳಿಗೆ ಏರಿಸತೊಡಗಿದಳು. ತೊಗಲು ಹೂವಿನ ಎಸಳಿನಷ್ಟು ತೆಳುವಾಗಿತ್ತು. ಕಿರುಬೆರಳು, ಉಂಗುರದ ಬೆರಳು. ಪ್ರತಿ ಸಲವೂ ಒಂದು ಸಣ್ಣ ನೇವರಿಕೆ. ಅಂಗಡಿಯ ಗಾಜಿನಾಚೆ ಕಡಲಿಗೂ ಆಕಾಶಕ್ಕೂ ನಡುವಿನ ಗೆರೆಯನ್ನು ಮಂಜು ಅಳಿಸಿಹಾಕಿತ್ತು. ರಸ್ತೆಯಂಚಿನ ಕಮೇಲಿಯಾ ಗಿಡಗಳ ಕೆಂಪು ಹೂಗಳು ಮಾತ್ರ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತಿದ್ದವು.

ಯೆಲ್ಕಾಳ ಕಣ್ಣು ತಾನಾಗಿ ಮುಚ್ಚಿತು. ಒಂದು ಗಳಿಗೆ, ತಾನು ಇಲ್ಲಿಗೆ ಬಂದದ್ದು ಯಾಕೆನ್ನುವುದೇ ಮರೆತುಹೋಯಿತು.

"ನೋಡ್ದ್ಯಾ, ಎಲ್ರೂ ಹೀಗೇ ಕಣ್ಮುಚ್ತಾರೆ," ಎಂದಳು ತೋನ್ಕಾ. "ಆಯಮ್ಮ ಅಂತೂ ಕೂತಲ್ಲೇ ನಿದ್ದೆ ಹೋಗ್ಬಿಡೋರು."

ಆಯಮ್ಮ ಎಂದರೆ ಒಟಿಲಿ ರೈನ್‌ಹಾಲ್ಟ್, ಗ್ರಾಟ್ಸ್ ನಗರದ ಶ್ರೀಮಂತೆ. ಗುರುವಾರ ಸಂಜೆಯಿಂದ ಅವಳ ಸುಳಿವಿಲ್ಲ. ಶುಕ್ರವಾರ ಬೆಳಗ್ಗೆ ಅವಳ ಕೋಟು ಕಡಲಂಚಿನ ಬಂಡೆಗಳ ಮೇಲೆ ಸಿಕ್ಕಿತ್ತು. ಪೊಲೀಸರು ಅವಳನ್ನು ನೀರಿನಲ್ಲಿ ಹುಡುಕುತ್ತಿದ್ದರು, ಯೆಲ್ಕಾ ಅಂಗಡಿಗಳಲ್ಲಿ.

ರಿಯೇಕಾದ ಪೊಲೀಸ್ ಇಲಾಖೆಯಲ್ಲಿ ತಲೆ ನರೆಯುವ ತನಕ ದುಡಿದು, ನಿವೃತ್ತಳಾಗಿ, ಪಕ್ಕದೂರು ಲೋವ್ರಾನಿನ ಮನೆಯಲ್ಲಿ ನಿಂಬೆಗಿಡ ನೋಡಿಕೊಂಡಿದ್ದವಳನ್ನು, ಒಟಿಲಿ ಇಳಿದುಕೊಂಡಿದ್ದ ದೊಡ್ಡ ಹೋಟೆಲಿನ ಮ್ಯಾನೇಜರ್ ದಿಂಕೋ ಗುಟ್ಟಾಗಿ ಕರೆಸಿದ್ದ. ಪ್ರವಾಸಿಗಳ ಕಾಲ ಶುರುವಾಗುವ ಮೊದಲೇ ಇಂಥ ಸುದ್ದಿ ವಿಯೆನ್ನಾದ ಪತ್ರಿಕೆಗಳಿಗೆ ಹೋದರೆ ಕೋಣೆಗಳೆಲ್ಲ ಖಾಲಿ ಬಿದ್ದಾವೆಂಬುದು ಅವನ ಭಯ. ಯೆಲ್ಕಾ ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. ಸಾಯಲು ಹೊರಟವಳು ಅದೇ ದಿನ ಹೊಸ ಕೈಗವಸು ಯಾಕೆ ಕೊಂಡಳು?

ಆ ಗುರುವಾರವನ್ನು ಹೆಜ್ಜೆ ಹೆಜ್ಜೆಗೂ ತಾನೇ ನಡೆದು ನೋಡುವುದೆಂದು ಅವಳು ಬೆಳಗ್ಗೆ ಹೊರಟಿದ್ದಳು. ಮೊದಲು ಹೂವಿನ ಅಂಗಡಿ, ಆಮೇಲೆ ಇದು.

ತೋನ್ಕಾ ಹೇಳಿದ್ದನ್ನೆಲ್ಲ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಒಟಿಲಿ ಪ್ರತಿ ವರ್ಷ ಕಮೇಲಿಯಾ ಅರಳುವ ಹೊತ್ತಿಗೆ ಕಡಲಂಚಿನ ಈ ಒಪಾತಿಯಾಕ್ಕೆ ಬರುತ್ತಿದ್ದಳು, ಯಾವಾಗಲೂ ಒಂಟಿಯಾಗಿ. ಬಂದವಳು ಈ ದಿಂಬಿನ ಮೇಲೆ ಮೊಣಕೈ ಊರಿ, ಕೊಳ್ಳುವುದು ಒಂದೇ ಜೊತೆಯಾದರೂ ಹತ್ತಾರು ಜೊತೆ ತೊಡಿಸಿಕೊಳ್ಳುತ್ತಿದ್ದಳು. ತನ್ನ ಕೈಯನ್ನು ಇಷ್ಟು ಜೋಪಾನವಾಗಿ ಹಿಡಿಯುವವರು ಬೇರೆ ಯಾರೂ ಇಲ್ಲವೆಂದು ಒಮ್ಮೆ ನಗುತ್ತ ಹೇಳಿದ್ದಳಂತೆ. ಆದರೆ ಈ ಗುರುವಾರ ಬಂದವಳು ಕೂರಲೇ ಇಲ್ಲ. ಮಂಜಿನ ಬಣ್ಣದ ಆ ಉದ್ದ ಕೋಟು, ಮುಖಕ್ಕೆ ಜಾಲರಿ ಇಳಿಬಿಟ್ಟ ಹ್ಯಾಟು, ಕಪ್ಪು ಕನ್ನಡಕ, ಗಂಟಲಿಗೆ ಸುತ್ತಿದ ರೇಷ್ಮೆ. ಗಂಟಲು ಕಟ್ಟಿದೆಯೆಂದು ಸನ್ನೆ ಮಾಡಿ, ದ್ರಾಕ್ಷಾರಸದ ಬಣ್ಣದ ಒಂದು ಜೊತೆಯತ್ತ ಬೆರಳು ತೋರಿಸಿ, ಕಟ್ಟಿಸಿಕೊಂಡು ಹೊರಟುಬಿಟ್ಟಳು.

"ಹಾಕಿ ನೋಡ್ಲೇ ಇಲ್ವಾ?"

"ಇಲ್ಲ. ಕೈ ಕೋಟಿನ ಜೇಬಿಂದ ಆಚೆ ಬಂದಿದ್ದೇ ಕಮ್ಮಿ. ನಂಗೂ ಬೇಜಾರಾಯ್ತು ಅನ್ನು."

"ಅವರೇ ಬಂದಿದ್ರು ಅಂತ ಖಾತ್ರೀನಾ?"

"ಇನ್ಯಾರು ಬರ್ತಾರೆ? ಅದೇ ಕೋಟು. ಆ ಕೋಟು ಇಡೀ ಊರಿಗೇ ಗೊತ್ತು."

"ನಾನು ಕೇಳಿದ್ದು ಕೋಟಿನ ವಿಷಯ ಅಲ್ಲ ತೋನ್ಕಾ."

ಕೈಗವಸಿನ ಗುಂಡಿ ಹಾಕುತ್ತಿದ್ದ ತೋನ್ಕಾಳ ಬೆರಳುಗಳು ಅಲ್ಲಿಗೇ ನಿಂತವು.

ಹೊರಗೆ ಬಂದಾಗ ಮಂಜು ಇನ್ನೂ ಕೆಳಗಿಳಿದಿತ್ತು. ಊರ ಹಿಂದಿನ ಉಚ್ಕಾ ಬೆಟ್ಟ ಬೇರೆ ಎಲ್ಲಿಗೋ ಹೊರಟುಹೋದಂತಿತ್ತು. ಕಡಲಂಚಿನ ಕಲ್ಲುದಾರಿಯಲ್ಲಿ ಯೆಲ್ಕಾ ನಡೆಯುತ್ತಿದ್ದರೆ ಸ್ವಲ್ಪ ಮುಂದೆ, ಕೈಗೆ ಸಿಗುವಷ್ಟೇ ದೂರದಲ್ಲಿ, ಇನ್ನೊಬ್ಬಳು ನಡೆಯುತ್ತಿರುವಂತೆ ಅನ್ನಿಸುತ್ತಿತ್ತು. ಮಂಜಿಗೆ ಮಂಜಿನದೇ ಬಣ್ಣದ ಕೋಟು. ನಿಂತರೆ ಅವಳೂ ನಿಲ್ಲುತ್ತಾಳೆ. ಹಳೆಯ ಬಂಗಲೆಗಳ ಮುಚ್ಚಿದ ಹಸಿರು ಕಿಟಕಿಗಳು, ನೀರಿನ ಮೇಲೆ ಬಗ್ಗಿದ ಲಾರೆಲ್ ಮರಗಳು, ಎಲ್ಲೋ ಕಾಣದ ದೋಣಿಯ ಗಂಟೆ. ಪೊಲೀಸ್ ಕೆಲಸದಲ್ಲಿದ್ದಷ್ಟು ವರ್ಷ ಯಾರ ಹಿಂದೆಯೂ ಹೀಗೆ ಸುಖವಾಗಿ ನಡೆದ ನೆನಪು ಅವಳಿಗಿರಲಿಲ್ಲ. ಅದಕ್ಕೇ ಒಳಗೊಳಗೇ ನಾಚಿಕೆಯೂ ಆಯಿತು.

ಮಿಠಾಯಿ ಅಂಗಡಿಯಲ್ಲಿ ಒಟಿಲಿ ಕೂತಿದ್ದ ಕಿಟಕಿಯ ಮೇಜನ್ನೇ ಹಿಡಿದು, ಅವಳು ತರಿಸಿಕೊಂಡದ್ದನ್ನೇ ತರಿಸಿದಳು: ಬೇಯಿಸಿ ಅರೆದ ಚೆಸ್ಟ್‌ನಟ್‌ನ ಗುಡ್ಡೆ, ಮೇಲೆ ನೊರೆನೊರೆ ಕೆನೆ. ಸಕ್ಕರೆ ಮುಟ್ಟಕೂಡದೆಂದು ಡಾಕ್ಟರು ಆಣೆ ಹಾಕಿಸಿದ್ದರು. ತನಿಖೆಗೆ ಆಣೆ ಅಡ್ಡಿಯಾಗಬಾರದೆಂದು ತನಗೆ ತಾನೇ ಹೇಳಿಕೊಂಡು ಚಮಚ ಎತ್ತಿದಳು.

ಬಡಿಸುವ ಹೆಂಗಸು ಮಾತಿನ ಮಲ್ಲಿ. ರೈನ್‌ಹಾಲ್ಟ್ ಅಮ್ಮ ಎಷ್ಟೋ ವರ್ಷದಿಂದ ಇದೇ ತಿನಿಸು ಕೇಳಿ, ಎರಡು ಚಮಚ ತಿಂದು, ಉಳಿದದ್ದನ್ನು ಹಾಗೇ ಬಿಟ್ಟು, ಕಡಲು ನೋಡುತ್ತ ಕೂರುವುದು ವಾಡಿಕೆಯಂತೆ.

"ಆವತ್ತೊಂದಿನ ಮಾತ್ರ ಏನಾಗಿತ್ತೋ," ಎಂದಳು ಅವಳು. "ತಟ್ಟೆ ತೊಳೆಯೋ ಕೆಲಸಾನೇ ಇರ್ಲಿಲ್ಲ. ಅಷ್ಟು ಚೊಕ್ಕ. ಸದ್ಯ, ತಟ್ಟೇನ ಬಿಟ್ಟು ಹೋಗಿದ್ರು."

ಯೆಲ್ಕಾ ತನ್ನ ತಟ್ಟೆಯನ್ನು ನೋಡಿಕೊಂಡಳು. ಅದೂ ಚೊಕ್ಕವಾಗಿತ್ತು. ಚಮಚದ ಅಂಚಿನಿಂದ ಬಳಿದ ಗೆರೆಗಳು ಪಿಂಗಾಣಿಯ ಮೇಲೆ ಹೊಳೆಯುತ್ತಿದ್ದವು. ಯುದ್ಧದ ವರ್ಷಗಳಲ್ಲಿ ಬೆಳೆದವಳು ಅವಳು. ಬೇಯಿಸಿದ ಚೆಸ್ಟ್‌ನಟ್ಟೇ ಊಟವಾಗಿದ್ದ ಚಳಿಗಾಲಗಳಲ್ಲಿ, ತಟ್ಟೆಯಲ್ಲಿ ಅಗುಳು ಬಿಟ್ಟರೆ ಅಜ್ಜಿ ಬೆನ್ನಿಗೆ ಹಾಕುತ್ತಿದ್ದಳು. ಈ ಬಳಿಯುವುದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಕೈಯೇ ಮಾಡುತ್ತದೆ. ರೇಷ್ಮೆ ಸುತ್ತಿಕೊಂಡರೂ ಮಾಡುತ್ತದೆ.

ಹುಟ್ಟಾ ಸಿರಿವಂತೆಯಾದ ಒಟಿಲಿಗೆ ಆ ಕೈ ಎಲ್ಲಿಂದ ಬರಬೇಕು?

ಹಾಗಾದರೆ ಗುರುವಾರವಿಡೀ ಊರಿನ ಕಣ್ಣಮುಂದೆ ತಿರುಗಾಡಿದ್ದು ಬರೀ ಕೋಟು. ಅದರೊಳಗೆ ಇದ್ದವಳು ಬೇರೆ.

ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ಮಧ್ಯಾಹ್ನಕ್ಕೇ ದೀಪ ಹಚ್ಚಿದ್ದರು. ಗಾಜಿನ ಗೊಂಚಲು ದೀಪಗಳ ಬೆಳಕು ಬೆಳ್ಳಿ ಚಮಚಗಳ ಮೇಲೆ, ಕಿಟಕಿಗೆ ಒತ್ತಿ ನಿಂತ ಮಂಜಿನ ಮೇಲೆ ಸಮನಾಗಿ ಬಿದ್ದು, ಇಡೀ ಕೋಣೆ ಹಾಲಿನಲ್ಲಿ ಮುಳುಗಿದಂತಿತ್ತು. ಅಲ್ಲಿಗೆ ಹೋಗುವ ಮುನ್ನ ಯೆಲ್ಕಾ ದಿಂಕೋನನ್ನು ಎರಡೇ ಮಾತು ಕೇಳಿ ಬಂದಿದ್ದಳು.

ಒಟಿಲಿಯ ಕೋಣೆಗಳಿಗೆ ಬೀಗದಕೈ ಎಷ್ಟು? ಎರಡು. ಒಂದು ಒಟಿಲಿಯ ಜೊತೆಗಿರಲು ಸಂಬಳಕ್ಕೆ ಬಂದ ಹುಡುಗಿ ಅಲೆಂಕಾಳ ಹತ್ತಿರ. ಇನ್ನೊಂದನ್ನು ಗುರುವಾರ ಮಧ್ಯಾಹ್ನ ಗಂಡನೇ ಕೇಳಿದನೆಂದು ದಿಂಕೋ ಕೊಟ್ಟಿದ್ದ. ಗಂಡನಿಗೆ ಇಲ್ಲವೆನ್ನುವುದು ಹೇಗೆ?

ಗಂಡ ಲೋಥಾರ್ ರೈನ್‌ಹಾಲ್ಟ್ ಊರಿಗೆ ಬಂದದ್ದೇ ಬುಧವಾರ ಸಂಜೆ, ಹೇಳದೆ ಕೇಳದೆ. ಊರಿನವರು ಅವನನ್ನು ಕಂಡದ್ದು ಅದೇ ಮೊದಲು. ಪಾಸ್‌ಪೋರ್ಟು ದಿಂಕೋನ ಕೈಯಿಂದಲೇ ಹಾದಿತ್ತು. ಬೆಳ್ಳಿಗೂದಲು, ತೆಳ್ಳನೆಯ ದನಿ. ಶುಕ್ರವಾರದಿಂದ ಕಪ್ಪು ಟೈ ಕಟ್ಟಿಕೊಂಡು ಮುಂಗೋಣೆಯ ಸೋಫಾದ ಮೇಲೆ, ದೇಶವಾಳುವ ಮಾರ್ಷಲರ ಪಟದ ಕೆಳಗೆ, ಪತ್ರಿಕೆ ಹಿಡಿದು ಕೂತುಬಿಟ್ಟಿದ್ದ. ಅಡುಗೆಯವರು ಮರುಗಿ ಸೂಪು ಕಳಿಸುತ್ತಿದ್ದರು. ಕೋಣೆ ಗುಡಿಸುವವರು ಅವನನ್ನು ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದರು. ಹೆಣ ಸಿಗುವ ಮೊದಲೇ ಕಪ್ಪು ಟೈ ಯಾಕೆ ಎಂದು ಯೆಲ್ಕಾ ಒಬ್ಬಳಿಗೇ ಅನ್ನಿಸಿತ್ತು.

ಯೆಲ್ಕಾ ಊಟಕ್ಕೆ ಕರೆದಿದ್ದ ಅಲೆಂಕಾ ಮೊದಲೇ ಬಂದು ಮೂಲೆಯ ಮೇಜಿನಲ್ಲಿ ಕೂತಿದ್ದಳು. ಇಪ್ಪತ್ತೈದು ಮುಟ್ಟದ ಹುಡುಗಿ. ಇದ್ರಿಯಾ ಕಡೆಯವಳು, ಲೇಸು ಹೆಣೆಯುವವರ ಮನೆ. ಒಟಿಲಿ ಈ ಪ್ರವಾಸಕ್ಕೆಂದು ಅವಳನ್ನು ಜೊತೆಗೆ ಸೇರಿಸಿಕೊಂಡು ಎರಡು ತಿಂಗಳೂ ಆಗಿರಲಿಲ್ಲ; ಒಟಿಲಿಯ ಗಂಡನನ್ನು ಅವಳು ಹಿಂದೆ ಕಂಡೂ ಇರಲಿಲ್ಲ. ಅತ್ತು ಅತ್ತು ಅವಳ ಕಣ್ಣಿನಂಚು ಸುಲಿದಂತಾಗಿತ್ತು.

ಯೆಲ್ಕಾ ಏನನ್ನೂ ಕೇಳಲಿಲ್ಲ. ಕೊಲ್ಲಿಯ ಸಿಗಡಿ ತರಿಸಿದಳು, ತಿಳಿಹೊನ್ನಿನ ಬಣ್ಣದ ಮಾಲ್ವಾಸಿಯಾ ವೈನು ತರಿಸಿದಳು, ಲೋವ್ರಾನಿನ ನಿಂಬೆಗಿಡಗಳ ಸುದ್ದಿ ಹೇಳಿದಳು. ಹುಡುಗಿ ಮೊದಮೊದಲು ಮುಳ್ಳುಚಮಚ ಹಿಡಿಯಲೂ ಹಿಂಜರಿದಳು. ಆಮೇಲೆ ಹಸಿವು ದುಃಖವನ್ನು ಗೆದ್ದಿತು. ಕೊನೆಗೆ ಚೆಸ್ಟ್‌ನಟ್ ಬಂತು, ಬೆಳ್ಳಿಯ ತಟ್ಟೆಯಲ್ಲಿ, ಕೆನೆಯ ಟೊಪ್ಪಿಗೆ ಹಾಕಿಕೊಂಡು. ಅಲೆಂಕಾ ಅದನ್ನು ಕಂಡು ಒಂದು ಕ್ಷಣ ತಡೆದಳು. ಆದರೂ ತಿಂದಳು. ತಿಂದು ಮುಗಿದ ಮೇಲೆ, ಮನಸ್ಸು ಬೇರೆಲ್ಲೋ ಇರುವಾಗ, ಅವಳ ಚಮಚದ ಅಂಚು ತಟ್ಟೆಯ ಸುತ್ತ ಒಂದು ಸುತ್ತು ಬಂತು. ಮತ್ತೊಂದು ಸುತ್ತು.

"ಗುರುವಾರಾನೂ ಹೀಗೇ ಬಳಿದ್ಯಲ್ಲ ಮಗಳೇ," ಎಂದಳು ಯೆಲ್ಕಾ, ಮೆಲ್ಲಗೆ.

ಚಮಚ ನಿಂತಿತು.

"ಬೈತಿಲ್ಲ. ನಂದೂ ಅದೇ ಚಾಳಿ. ಕೋಟು ಚೆನ್ನಾಗಿ ಒಪ್ತಿತ್ತಾ?"

ಹುಡುಗಿ ಸುಳ್ಳು ಹೇಳಲು ಬಾಯಿ ತೆರೆದಳು. ಆದರೆ ಬಂದದ್ದು ಸುಳ್ಳಲ್ಲ.

"ತುಂಬಾ ಹಗುರ ಇತ್ತು," ಎಂದಳು. "ಮೈಮೇಲೆ ಏನೂ ಇಲ್ಲ ಅನ್ನೋ ಹಾಗೆ. ಆದ್ರೆ ಬೆಚ್ಚಗಿತ್ತು."

ಆಮೇಲೆ ಎಲ್ಲವೂ ಬಂತು. ಬುಧವಾರ ಸಂಜೆ ಒಟಿಲಿ ಮೇಲಿನ ಕಿಟಕಿಯ ಹತ್ತಿರ ನಿಂತಿದ್ದಳಂತೆ. ಕೆಳಗೆ ಕಾರೊಂದು ಬಂದು ನಿಂತಿತು, ಯಾರೋ ಮೆಟ್ಟಿಲು ಹತ್ತಿದರು. ಒಟಿಲಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"'ಬಂದುಬಿಟ್ಟ' ಅಂದ್ರು ಅಮ್ಮಾವ್ರು. ಅಷ್ಟೇ. ಯಾರು ಏನು ಅಂತ ಹೇಳ್ಲಿಲ್ಲ. ಆಮೇಲೆ ಕೆಳಗೆ ಹೋದಾಗ ಆ ಸರ್ ನಾನೇ ಗಂಡ ಅಂತ ಪರಿಚಯ ಮಾಡ್ಕೊಂಡ್ರು. ಆಗ ಗೊತ್ತಾಯ್ತು ನಂಗೆ."

ಆ ರಾತ್ರಿ ಒಟಿಲಿ ಬಾಗಿಲು ತೆಗೆಯಲೇ ಇಲ್ಲ, ತಲೆಶೂಲೆಯೆಂದು ಹೇಳಿಕಳಿಸಿದಳು. ಅಲೆಂಕಾಳ ಕೈಹಿಡಿದು ಒಂದೇ ಒಂದು ಉಪಕಾರ ಬೇಡಿದಳು. ನಾಳೆ ಹಗಲಿಡೀ ಈ ಕೋಟು ತೊಟ್ಟುಕೊಂಡು ನಾನು ಹೋಗುವ ಕಡೆಗೆಲ್ಲ ಹೋಗು, ನಾನು ಕೊಳ್ಳುವುದನ್ನೆಲ್ಲ ಕೊಳ್ಳು, ಊರು ನಿನ್ನನ್ನು ನೋಡಲಿ. ನನಗೆ ಒಂದು ದಿನ ಬೇಕು, ಅಷ್ಟೇ. ಬೆಳಕು ಹರಿಯುವ ಮೊದಲು ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದು ಅವಳು ವೆನಿಸ್‌ಗೆ ಹೊರಟುಹೋದಳು. ಅಲ್ಲಿ ಒಂದು ಹೋಟೆಲು, ತವರಿನ ಹೆಸರಿನಲ್ಲಿ ಕೋಣೆ. ಮುಟ್ಟಿದ ತಕ್ಷಣ ಫೋನು ಮಾಡುತ್ತೇನೆಂದಿದ್ದಳು.

"ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅನ್ಕೊಂಡೆ. ಎರಡು ದಿನದಲ್ಲಿ ಸರಿಹೋಗತ್ತೆ ಅನ್ಕೊಂಡೆ." ಅಲೆಂಕಾ ತನ್ನ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಬೆರಳತುದಿಗಳಲ್ಲಿ ಲೇಸಿನ ಗುಂಡುಸೂಜಿಗಳು ಚುಚ್ಚಿ ಚುಚ್ಚಿ ಗಟ್ಟಿಯಾದ ಕಲೆಗಳಿದ್ದವು. "ಗ್ಲೌಸಿನ ಅಂಗಡೀಲಿ ಈ ಕೈ ತೋರ್ಸಕ್ಕೆ ಭಯ ಆಯ್ತು. ಉಳಿದಿದ್ದು ಮಾತ್ರ... ಹೇಗೆ ಹೇಳ್ಲಿ? ಎಲ್ರೂ ಬಾಗಿಲು ತೆಗೀತಿದ್ರು. ಹೂವಿನವನು ಟೊಪ್ಪಿ ತೆಗೆದ. ಕಡಲ ಹತ್ರ ಬೆಂಚಿನ ಮೇಲೆ ಸುಮ್ನೆ ಕೂತಿದ್ದೆ, ಯಾರೂ ಏಳು ಅನ್ಲಿಲ್ಲ. ಜನ್ಮದಲ್ಲಿ ಅಂಥ ದಿನ ಕಂಡಿರ್ಲಿಲ್ಲ ನಾನು. ನಾನು ಹಂಗೆ ಸುಖವಾಗಿದ್ದಾಗಲೇ ಅವರು ಸತ್ತುಹೋದ್ರೇನೋ. ಶುಕ್ರವಾರ ಕಾದೆ, ಶನಿವಾರ ಕಾದೆ. ಫೋನೇ ಬರ್ಲಿಲ್ಲ."

ಯೆಲ್ಕಾ ಅವಳ ಬೆರಳುಗಳನ್ನು ತನ್ನ ಅಂಗೈಯಿಂದ ಮುಚ್ಚಿದಳು.

"ಕೋಟನ್ನ ಬಂಡೆ ಮೇಲೆ ಯಾಕಿಟ್ಟೆ?"

"ನಾನಾ?" ಹುಡುಗಿ ತಲೆಯೆತ್ತಿದಳು. "ನಾನು ಇಡ್ಲಿಲ್ಲ. ಸಂಜೆ ವಾಪಸ್ ಬಂದು ಅಮ್ಮಾವ್ರ ಬೀರುವಿನಲ್ಲೇ ನೇತುಹಾಕಿದೆ. ಬ್ರಷ್ ಕೂಡ ಹೊಡೆದೆ. ಬೀಗ ಹಾಕ್ಕೊಂಡು ನನ್ನ ಕೋಣೆಗೆ ಹೋದೆ. ಬೆಳಗ್ಗೆ ಪೊಲೀಸರು ತೋರ್ಸಿದಾಗ ನನ್ನ ಜೀವಾನೇ ಹೋಯ್ತು."

ಬೀಗದಕೈ ಎರಡು. ಯೆಲ್ಕಾ ಕಣ್ಣನ್ನಷ್ಟೇ ಹೊರಳಿಸಿದಳು. ಊಟದ ಹಾಲಿನ ಗಾಜಿನ ಬಾಗಿಲಾಚೆ, ಸೋಫಾದ ಮೇಲೆ, ಬೆಳ್ಳಿಗೂದಲಿನ ತಲೆ ಪತ್ರಿಕೆಯ ಮೇಲೆ ಬಾಗಿತ್ತು. ಹೆಂಡತಿಯ ಕೋಣೆ ಖಾಲಿಯೆಂದು ಕಣ್ಣಾರೆ ಕಂಡವನು ಯಾರನ್ನೂ ಕೂಗಲಿಲ್ಲ. ಕೋಟು ತೆಗೆದುಕೊಂಡು ಹೋಗಿ ಬಂಡೆಯ ಮೇಲೆ ಹಾಸಿ ಬಂದ. ಆದರೆ ಅದನ್ನು ಈಗಲೇ ಹುಡುಗಿಗೆ ಹೇಳುವುದು ಬೇಡವೆನ್ನಿಸಿತು. ಈ ಹುಡುಗಿಯ ಮುಖ ಗಾಜಿನ ಹಾಗೆ; ಒಳಗಿದ್ದದ್ದೆಲ್ಲ ಹೊರಗೆ ಕಾಣುತ್ತದೆ.

"ಹೋಟೆಲಿನ ಹೆಸರು ಹೇಳು," ಎಂದಷ್ಟೇ ಕೇಳಿ, ಹೆಸರು ಕೇಳಿಸಿಕೊಂಡು ಎದ್ದಳು.

ಫೋನಿನ ಗೂಡು ಮುಂಗೋಣೆಯ ಇನ್ನೊಂದು ತುದಿಗಿತ್ತು. ಗಡಿಯಾಚೆಯ ಲೈನು ಸಿಗಲು ಹೊತ್ತು ಹಿಡಿಯಿತು. ಯೆಲ್ಕಾ ಗಾಜಿನ ಒಳಗಿನಿಂದ ಅವನನ್ನೇ ನೋಡುತ್ತ ನಿಂತಳು. ಅವನು ಕಾಲಮೇಲೆ ಕಾಲು ಹಾಕಿ ಪುಟ ತಿರುವಿದ. ಗುಡಿಸುವವಳೊಬ್ಬಳು ಅವನೆದುರಿಗೆ ಕಾಫಿ ಇಟ್ಟು, ಏನೋ ಸಮಾಧಾನ ಹೇಳಿ ಹೋದಳು. ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ನೋಡಿದವರಿಗೆ ಅಯ್ಯೋ ಅನ್ನಿಸಬೇಕು, ಹಾಗಿತ್ತು.

ಕಡಲಾಚೆಯಿಂದ ಒಂದು ಎಳೆಯ ದನಿ ಬಂತು, ಇಟಾಲಿಯನ್‌ನಲ್ಲಿ. ಯೆಲ್ಕಾ ಒಟಿಲಿಯ ತವರಿನ ಹೆಸರು ಹೇಳಿ, ಕೋಣೆಗೆ ಕೊಡಿ ಎಂದಳು.

"ಅಮ್ಮಾವ್ರು ಕೋಣೇಲಿಲ್ಲ," ಎಂದಿತು ದನಿ, ಸಲೀಸಾಗಿ. "ಈಗಷ್ಟೇ ಗಂಡನ ಜೊತೆ ಊಟಕ್ಕೆ ಇಳಿದ್ರು. ಏನಾದ್ರೂ ಹೇಳ್ಬೇಕಾ?"

"ಯಾರ ಜೊತೆ?"

"ಅವರ ಯಜಮಾನ್ರು. ಶುಕ್ರವಾರ ಬಂದು ಸೇರ್ಕೊಂಡ್ರಲ್ಲ. ಸಿನ್ಯೋರ್ ಲೋಥಾರ್. ಹೊಸ ಮದುವೆ ಮಕ್ಕಳ ಥರ ಓಡಾಡ್ತಿದ್ದಾರೆ ಇಬ್ರೂ, ನೋಡಕ್ಕೇ ಚೆಂದ."

ಯೆಲ್ಕಾ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಗಾಜಿನಾಚೆ ಬೆಳ್ಳಿಗೂದಲಿನವನು ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಿದ್ದ. ನಾಲ್ಕು ದಿನದಿಂದ ಊರೆಲ್ಲ ರೈನ್‌ಹಾಲ್ಟ್ ಎಂದು ಕರೆದು, ಮರುಗಿ, ಸೂಪು ಕುಡಿಸಿದ ಮನುಷ್ಯ. ಒಂದೇ ಹೆಸರಿನ ಇಬ್ಬರು ಗಂಡಂದಿರು, ನಡುವೆ ಒಂದು ಕಡಲು. ಒಟಿಲಿ ತನ್ನ ಗಂಡನನ್ನು ತಪ್ಪಾಗಿ ಗುರುತಿಸಲಾರಳು. ಅಂದಮೇಲೆ ಕಿಟಕಿಯಿಂದ ಇವನನ್ನು ಕಂಡು ಅವಳು 'ಬಂದುಬಿಟ್ಟ' ಎಂದದ್ದು ಗಂಡನಿಗಲ್ಲ. ಅವಳ ಜಾಡು ಕಳೆದುಕೊಂಡ ಇವನು, ಸುಳ್ಳು ಪಾಸ್‌ಪೋರ್ಟಿನ ಗಂಡ, ಊರೇ ಅವಳನ್ನು ಹುಡುಕಿಕೊಡಲೆಂದು ಕೋಟನ್ನು ಬಂಡೆಗೆ ಹಾಸಿ ಕಾದು ಕೂತಿದ್ದ.

ಅವಳು ಗೂಡಿನಿಂದ ಹೊರಬಂದು, ಆದಷ್ಟು ಸಾವಕಾಶವಾಗಿ, ಅವನ ಮುಂದೆಯೇ ಹಾದು ಊಟದ ಹಾಲಿಗೆ ನಡೆದಳು. ಹುಡುಗಿ ಬಿಳಿಚಿಕೊಂಡು ಕಾಯುತ್ತಿದ್ದಳು. ಆ ಮುಖ ನೋಡಿ ಯೆಲ್ಕಾಳಿಗೆ ತಡೆಯಲಾಗಲಿಲ್ಲ.

"ಬದುಕಿದ್ದಾರೆ," ಎಂದಳು, ಇನ್ನೂ ಕೂರುವ ಮೊದಲೇ. "ಚೆನ್ನಾಗಿದ್ದಾರೆ. ಅಳಬೇಡ. ಈಗ ನಾನು ಹೇಳೋದನ್ನ ಸರಿಯಾಗಿ ಕೇಳು..."

ಅಲೆಂಕಾ ಕೇಳುತ್ತಿರಲಿಲ್ಲ. ಅವಳ ಕಣ್ಣು ಯೆಲ್ಕಾಳ ಹೆಗಲಾಚೆಗೆ ಹೋಗಿತ್ತು. ಹಿಂದೆ ಯಾರೋ ನಯವಾಗಿ ಕೆಮ್ಮಿದರು.

ಊಟದ ನಡುವೆ ಬಂದದ್ದಕ್ಕೆ ಕ್ಷಮೆ ಕೇಳಿದ ಅವನು. ಕೂತು ಕೂತು ಮನಸ್ಸು ತಡೆಯುತ್ತಿಲ್ಲ ಎಂದ. ತನ್ನ ಒಟಿಲಿಯ ವಿಷಯ ಏನಾದರೂ ತಿಳಿಯಿತೇ ಎಂದು ವಿಚಾರಿಸಿದ. ಆ ತೆಳ್ಳನೆಯ ದನಿಯಲ್ಲಿ ಅಷ್ಟು ದಣಿವಿತ್ತು, ಅಷ್ಟು ವಿನಯವಿತ್ತು. ಏನೂ ಇಲ್ಲವೆನ್ನಲು ಯೆಲ್ಕಾ ತಿರುಗಿದಳು.

ಅಷ್ಟರಲ್ಲಿ ಹುಡುಗಿ ಎದ್ದು ನಿಂತಿದ್ದಳು. ಮೂರು ದಿನ ಅವನು ಅಳುವುದನ್ನು ನೋಡಿ, ಅವನ ಕರವಸ್ತ್ರದಲ್ಲೇ ತಾನೂ ಕಣ್ಣೊರೆಸಿಕೊಂಡು, ಪಾಪದ ಹೊರೆ ಹೊತ್ತು ತಿರುಗಿದವಳು. ಈಗ ಕಟ್ಟೆ ಒಡೆಯಿತು.

"ಬದುಕಿದ್ದಾರಂತೆ ಸರ್. ಅಮ್ಮಾವ್ರು ಬದುಕಿದ್ದಾರಂತೆ. ವೆನಿಸ್‌ನಲ್ಲಿದ್ದಾರೆ."

ಯೆಲ್ಕಾ ಅವನ ಮುಖವನ್ನೇ ನೋಡಿದಳು. ಅಲ್ಲಿ ಅಳು ಬರಲಿಲ್ಲ, ನಗು ಬರಲಿಲ್ಲ. ಕೂರಲು ಕುರ್ಚಿಗಾಗಿ ತಡಕಾಡಲಿಲ್ಲ ಅವನು, ದೇವರ ಹೆಸರೂ ಎತ್ತಲಿಲ್ಲ. ಈವರೆಗೆ ಮುಖದ ಮೇಲಿದ್ದ ದಣಿವು ಯಾರೋ ಒರೆಸಿದಂತೆ ಅಳಿಸಿಹೋಯಿತು.

"ಯಾವ ಹೋಟೆಲು?" ಎಂದ.

ಯೆಲ್ಕಾ ಮೊಣಕೈ ತಾಗಿಸಿ ಮಾಲ್ವಾಸಿಯಾದ ಲೋಟವನ್ನು ಉರುಳಿಸಿದಳು. ಗಾಜು ನೆಲಕ್ಕೆ ಬಿದ್ದು ಚೂರಾಯಿತು, ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆದರೆ ಆ ಸದ್ದಿಗೂ ಮೊದಲೇ ಅಲೆಂಕಾ, ಕಣ್ಣೀರಿನ ನಡುವೆಯೇ ನಗುತ್ತ, ಹೆಸರು ಹೇಳಿಬಿಟ್ಟಿದ್ದಳು.